ಮೂರು ಪ್ರತಿಗಳಿದ್ದರೂ ಸೇವೆ ನಿಲ್ಲುವುದೇಕೆ? ಕಂಟೇನರ್ ಮತ್ತು ವರ್ಚುವಲ್ ಮಷೀನ್‌ಗಳ ಒಳಗಿನ ಲೆಕ್ಕ

2021ರ ಮಾರ್ಚ್ 10ರ ನಸುಕಿನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡವೊಂದು ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು. ಅಲ್ಲಿನ ಸರ್ವರ್‌ಗಳನ್ನು ನೆಚ್ಚಿಕೊಂಡಿದ್ದ ಅಸಂಖ್ಯ ಜಾಲತಾಣಗಳು ಬೆಳಗಾಗುವಷ್ಟರಲ್ಲಿ ಕಣ್ಮರೆಯಾಗಿದ್ದವು. ಬ್ಯಾಕಪ್ ಇದೆಯಲ್ಲ ಎಂದು ನಿಶ್ಚಿಂತರಾಗಿದ್ದ ಕೆಲವು ಗ್ರಾಹಕರಿಗೆ, ಆ ಬ್ಯಾಕಪ್ ಕೂಡ ಬೆಂಕಿ ಬಿದ್ದ ಜಾಗದಲ್ಲೇ ಇತ್ತು ಎಂಬುದು ಆಮೇಲೆ ಗೊತ್ತಾಯಿತು. ಪ್ರತಿ ಇದ್ದದ್ದು ನಿಜ. ಅದು ಮೂಲದ ಜೊತೆಗೇ ಉರಿದುಹೋಗಿತ್ತು.

ಕಟ್ಟಡ ಸುಡುವುದು ಅಪರೂಪ. ಆದರೆ ಅದೇ ಎಡವಟ್ಟು ಇನ್ನೂ ಚಿಕ್ಕ ಪ್ರಮಾಣದಲ್ಲಿ, ಕಣ್ಣಿಗೆ ಕಾಣದ ಪದರಗಳಲ್ಲಿ, ಪದೇ ಪದೇ ನಡೆಯುತ್ತಿರುತ್ತದೆ. ನಾವು ದಿನವೂ ಬಳಸುವ ಆನ್‌ಲೈನ್ ಸೇವೆಗಳಲ್ಲಿ ಹೆಚ್ಚಿನವು ಒಂದೇ ಪ್ರತಿಯಲ್ಲಿ ಓಡುವುದಿಲ್ಲ. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು ಮೂರೋ ಐದೋ ಪ್ರತಿಗಳನ್ನು ಓಡಿಸುತ್ತಾರೆ. ಆ ಪ್ರತಿಗಳು ಕಂಟೇನರ್ ಎಂಬ ವ್ಯವಸ್ಥೆಯೊಳಗೆ ಇರಬಹುದು, ವರ್ಚುವಲ್ ಮಷೀನ್ ಎಂಬ ವ್ಯವಸ್ಥೆಯೊಳಗೆ ಇರಬಹುದು, ಅಥವಾ ಒಂದರೊಳಗೆ ಇನ್ನೊಂದು ಎಂಬಂತೆ ಎರಡರಲ್ಲೂ ಇರಬಹುದು. ಸೇವೆ ನಿಂತಾಗ "ಮೂರು ಪ್ರತಿ ಇತ್ತಲ್ಲ, ಮೂರೂ ಹೇಗೆ ಹೋದವು?" ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅದಕ್ಕೆ ಉತ್ತರ ಸಿಗಬೇಕಾದರೆ ಪ್ರತಿಗಳ ಸಂಖ್ಯೆಯನ್ನು ಎಣಿಸಿದರೆ ಸಾಲದು, ಅವು ಯಾವ ಯಾವ ವಸ್ತುವನ್ನು ಹಂಚಿಕೊಂಡಿವೆ ಎಂಬುದನ್ನೂ ನೋಡಬೇಕಾಗುತ್ತದೆ.

ಪ್ರತಿ ಎಂದರೇನು, ಎಷ್ಟು ಬೇಕು

ಒಂದು ಲೆಕ್ಕದ ಪುಸ್ತಕವನ್ನು ಒಬ್ಬನೇ ಗುಮಾಸ್ತ ಬರೆಯುತ್ತಿದ್ದಾನೆ ಎಂದಿಟ್ಟುಕೊಳ್ಳಿ. ಅವನು ಬಾರದ ದಿನ ವ್ಯವಹಾರ ನಿಂತಂತೆಯೇ. ಹಾಗಾಗದಿರಲೆಂದು ಮೂವರು ಗುಮಾಸ್ತರನ್ನು ನೇಮಿಸಿ, ಒಬ್ಬೊಬ್ಬರಿಗೂ ಒಂದು ಪುಸ್ತಕ ಕೊಟ್ಟು, ಯಾವ ಜಮಾ ಅಥವಾ ಖರ್ಚು ಬಂದರೂ ಮೂವರೂ ಅದನ್ನು ಒಂದೇ ಕ್ರಮದಲ್ಲಿ ಬರೆದುಕೊಳ್ಳಬೇಕು ಎಂಬ ನಿಯಮ ಮಾಡಿದರೆ, ಯಾವ ಪುಸ್ತಕ ತೆರೆದರೂ ಬಾಕಿ ಮೊತ್ತ ಒಂದೇ ಇರುತ್ತದೆ. ಕಂಪ್ಯೂಟರ್ ಸೇವೆಯಲ್ಲಿ ಪ್ರತಿ ಅಥವಾ ರೆಪ್ಲಿಕಾ ಎನ್ನುವುದು ಇಂಥ ಒಬ್ಬ ಗುಮಾಸ್ತನನ್ನು. ಒಂದೆರಡು ಪ್ರತಿಗಳು ಕೆಟ್ಟರೂ ಬಳಕೆದಾರರಿಗೆ ಅದರ ಬಿಸಿ ತಟ್ಟದಂತೆ ನಡೆಯುವ ಸೇವೆಯನ್ನು ದೋಷಸಹಿಷ್ಣು ಸೇವೆ ಎನ್ನುತ್ತಾರೆ. ಕ್ರಮ ಒಂದೇ ಆಗಿದ್ದರೆ ಫಲಿತಾಂಶವೂ ಒಂದೇ ಆಗಿರುತ್ತದೆ ಎಂಬ ಈ ವಿಚಾರಕ್ಕೆ ಬುನಾದಿ ಹಾಕಿದ್ದು 1978ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಪ್ರಕಟಿಸಿದ ಪ್ರಬಂಧ.

ಇಲ್ಲೊಂದು ವ್ಯತ್ಯಾಸವನ್ನು ಮೊದಲೇ ಹೇಳಿಬಿಡಬೇಕು. ಏನನ್ನೂ ನೆನಪಿಟ್ಟುಕೊಳ್ಳದ, ಕೇಳಿದ ಪುಟವನ್ನು ಕೊಟ್ಟು ಮರೆತುಬಿಡುವ ಸೇವೆಗಳಿಗೆ ಪ್ರತಿಗಳನ್ನು ಹೆಚ್ಚಿಸುವುದು ಸುಲಭ. ಹತ್ತು ಪ್ರತಿಗಳನ್ನು ನಿಲ್ಲಿಸಿ, ಬರುವ ಕೋರಿಕೆಗಳನ್ನು ಹಂಚಿದರೆ ಆಯಿತು. ಕಷ್ಟವೆಲ್ಲ ಇರುವುದು ಡೇಟಾಬೇಸ್‌ನಂತೆ ನೆನಪಿಟ್ಟುಕೊಳ್ಳಬೇಕಾದ ಸೇವೆಗಳಲ್ಲಿ. ಮುಂದಿನ ಮಾತೆಲ್ಲ ಹೆಚ್ಚಾಗಿ ಅವುಗಳ ಕುರಿತಾದದ್ದು.

ಇಬ್ಬರು ಗುಮಾಸ್ತರು ಸಾಲದೇ ಎಂದು ಕೇಳಬಹುದು. ಇಬ್ಬರ ನಡುವಿನ ಸಂಪರ್ಕ ಕಡಿದುಹೋದರೆ, ಎದುರಿನವನು ಸತ್ತನೋ ಅಥವಾ ಸಂಪರ್ಕ ಮಾತ್ರ ಹೋಯಿತೋ ಎಂಬುದು ಇಬ್ಬರಿಗೂ ತಿಳಿಯುವುದಿಲ್ಲ. ಇಬ್ಬರೂ ತಮ್ಮ ಪಾಡಿಗೆ ಬರೆಯುತ್ತ ಹೋದರೆ ಎರಡು ಪುಸ್ತಕಗಳು ಎರಡು ಕಥೆ ಹೇಳತೊಡಗುತ್ತವೆ. ಆದ್ದರಿಂದ ಬಹುಮತದ ನಿಯಮ ಬಂದಿತು: ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬರೆದುಕೊಂಡ ಮೇಲಷ್ಟೇ ಒಂದು ನಮೂದು ಖಾಯಂ ಆಗುತ್ತದೆ. ಯಾವ ಎರಡು ಬಹುಮತಗಳನ್ನು ತೆಗೆದುಕೊಂಡರೂ ಅವುಗಳಲ್ಲಿ ಕನಿಷ್ಠ ಒಬ್ಬ ಸದಸ್ಯ ಸಮಾನನಾಗಿರುತ್ತಾನೆ. ಹಿಂದೆ ಖಾಯಂ ಆದ ನಮೂದನ್ನು ಮುಂದಿನ ಗುಂಪಿಗೆ ನೆನಪಿಸಿಕೊಡುವವನು ಅವನೇ. ಈ ನಿಯಮದಡಿ 3 ಪ್ರತಿಗಳಿದ್ದರೆ 1 ಕೆಟ್ಟರೂ ನಡೆಯುತ್ತದೆ, 5 ಇದ್ದರೆ 2 ಕೆಟ್ಟರೂ ನಡೆಯುತ್ತದೆ. 4 ಪ್ರತಿಗಳಿದ್ದರೆ ಬಹುಮತಕ್ಕೆ 3 ಬೇಕಾಗುವುದರಿಂದ ಅಲ್ಲಿಯೂ ತಡೆದುಕೊಳ್ಳಬಹುದಾದದ್ದು 1 ಮಾತ್ರ. ಬೆಸ ಸಂಖ್ಯೆಯ ಪ್ರತಿಗಳೇ ಎಲ್ಲೆಡೆ ಕಾಣಿಸುವುದಕ್ಕೆ ಇದೇ ಕಾರಣ.

ಈ ನಿಯಮವನ್ನು ನಡೆಸಿಕೊಡುವ ವಿಧಾನಗಳಲ್ಲಿ ಪ್ಯಾಕ್ಸೋಸ್ ಹಳೆಯದು. ಡಿಯೆಗೊ ಓಂಗಾರೊ ಮತ್ತು ಜಾನ್ ಔಸ್ಟರ್‌ಹೌಟ್ ಅವರು 2014ರಲ್ಲಿ ಪ್ರಕಟಿಸಿದ ರಾಫ್ಟ್, ಅರ್ಥವಾಗಲಿ ಎಂಬ ಉದ್ದೇಶದಿಂದಲೇ ರೂಪಿಸಿದ್ದು. ಕೆಟ್ಟ ಪ್ರತಿ ಸುಮ್ಮನಾಗುವ ಬದಲು ಸುಳ್ಳು ಹೇಳತೊಡಗಿದರೆ ಇಷ್ಟು ಸಾಲದು. ಆಗ ಒಬ್ಬ ಸುಳ್ಳುಗಾರನನ್ನು ತಡೆದುಕೊಳ್ಳಲು 4 ಪ್ರತಿಗಳಾದರೂ ಬೇಕಾಗುತ್ತವೆ. ಅದು ಬೇರೆಯೇ ಲೋಕ, ಇಲ್ಲಿ ಬೇಡ.

ಈಗ ಸ್ವಲ್ಪ ಗಣಿತ. ಒಂದು ಪ್ರತಿ ನೂರರಲ್ಲಿ 99 ಪಾಲು ಸಮಯ ಸರಿಯಾಗಿರುತ್ತದೆ ಎಂದರೆ, ವರ್ಷದಲ್ಲಿ ಸುಮಾರು 88 ಗಂಟೆ ಅದು ಕೆಟ್ಟಿರುತ್ತದೆ ಎಂದಾಯಿತು. ಅಂಥ ಮೂರು ಪ್ರತಿಗಳಲ್ಲಿ ಎರಡಾದರೂ ಸರಿಯಾಗಿರುವ ಸಂಭವ ಶೇ 99.97, ಅಂದರೆ ಸೇವೆ ನಿಲ್ಲುವುದು ವರ್ಷಕ್ಕೆ ಎರಡೂವರೆ ಗಂಟೆಗಿಂತ ತುಸು ಹೆಚ್ಚು. ಎಂಬತ್ತೆಂಟು ಗಂಟೆ ಎಲ್ಲಿ, ಎರಡೂವರೆ ಗಂಟೆ ಎಲ್ಲಿ! ಆದರೆ ಈ ಲೆಕ್ಕಕ್ಕೆ ಒಂದು ಷರತ್ತಿದೆ: ಒಂದು ಪ್ರತಿ ಕೆಡುವುದಕ್ಕೂ ಇನ್ನೊಂದು ಕೆಡುವುದಕ್ಕೂ ಸಂಬಂಧ ಇರಕೂಡದು. ಮೂರೂ ಒಂದೇ ಕಾರಣಕ್ಕೆ ಒಟ್ಟಿಗೆ ಕೆಡುವಂತಿದ್ದರೆ ಲೆಕ್ಕ ಮರಳಿ ಎಂಬತ್ತೆಂಟಕ್ಕೇ ಬಂದು ನಿಲ್ಲುತ್ತದೆ. ಕಂಟೇನರೋ ವರ್ಚುವಲ್ ಮಷೀನೋ ಎಂಬ ಪ್ರಶ್ನೆ ಈ ಷರತ್ತಿನ ಹತ್ತಿರವೇ ಹುಟ್ಟುತ್ತದೆ.

ವರ್ಚುವಲ್ ಮಷೀನ್: ಯಂತ್ರದೊಳಗಿನ ಯಂತ್ರ

ಒಂದು ದೊಡ್ಡ ಕಂಪ್ಯೂಟರನ್ನು ಹಲವು ಚಿಕ್ಕ ಕಂಪ್ಯೂಟರ್‌ಗಳಂತೆ ತೋರಿಸುವ ಕಲೆ ಹಳೆಯದು. ಐಬಿಎಂ ಕಂಪನಿ 1960ರ ದಶಕದಲ್ಲೇ ಅದನ್ನು ಮಾಡಿ ನೋಡಿತ್ತು, 1972ರಲ್ಲಿ ಮಾರಾಟಕ್ಕೂ ತಂದಿತು. ಸಾಮಾನ್ಯ ಸರ್ವರ್‌ಗಳಿಗೆ ಅದು ಬಂದದ್ದು 1998ರಲ್ಲಿ ಸ್ಥಾಪನೆಯಾದ ವಿಎಂವೇರ್, 2003ರ ಜೆನ್, 2007ರಲ್ಲಿ ಲಿನಕ್ಸ್‌ನೊಳಗೆ ಸೇರಿದ ಕೆವಿಎಂ ಇವುಗಳ ಮೂಲಕ.

ಇಲ್ಲಿ ಹೈಪರ್‌ವೈಸರ್ ಎಂಬ ತಂತ್ರಾಂಶ ನಿಜವಾದ ಯಂತ್ರದ ಮೇಲೆ ಕುಳಿತು, ಪ್ರತಿಯೊಂದು ವರ್ಚುವಲ್ ಮಷೀನಿಗೂ ತನ್ನದೇ ಪ್ರೊಸೆಸರ್, ಮೆಮೊರಿ, ಡಿಸ್ಕ್ ಇದೆ ಎಂಬ ಭ್ರಮೆಯನ್ನು ಉಂಟುಮಾಡುತ್ತದೆ. ಆ ಭ್ರಮೆಯ ಯಂತ್ರದೊಳಗೆ ಪೂರ್ಣ ಪ್ರಮಾಣದ ಆಪರೇಟಿಂಗ್ ಸಿಸ್ಟಂ, ಅದರ ಹೃದಯವಾದ ಕರ್ನಲ್ ಸಮೇತ, ಮೊದಲಿನಿಂದ ಬೂಟ್ ಆಗಬೇಕು. ಒಂದೇ ನಿವೇಶನದಲ್ಲಿ ಕಟ್ಟಿದ ಬೇರೆ ಬೇರೆ ಮನೆಗಳಿದ್ದಂತೆ ಇದು; ಪ್ರತಿ ಮನೆಗೂ ಅದರದ್ದೇ ನೀರಿನ ತೊಟ್ಟಿ, ಅದರದ್ದೇ ವಿದ್ಯುತ್ ತಂತಿ. ಒಂದು ಮನೆಯ ಫ್ಯೂಸ್ ಹೋದರೆ ಪಕ್ಕದ ಮನೆಯಲ್ಲಿ ದೀಪ ಆರುವುದಿಲ್ಲ. ಆದರೆ ನೆಲ ಕುಸಿದರೆ ಎಲ್ಲ ಮನೆಗಳೂ ಕುಸಿಯುತ್ತವೆ.

ಕಂಟೇನರ್: ಪರದೆ ಕಟ್ಟಿದ ಕೋಣೆ

ಕಂಟೇನರ್ ಎಂದರೆ ಹಗುರವಾದ ವರ್ಚುವಲ್ ಮಷೀನ್ ಎಂದು ಹೇಳಿ ಮುಗಿಸಿಬಿಡುವವರು ಬಹಳ. ಹಾಗೆ ತಿಳಿದುಕೊಂಡರೆ ಮುಂದಿನದ್ದೆಲ್ಲ ದಾರಿ ತಪ್ಪುತ್ತದೆ. ಕಂಟೇನರ್‌ನೊಳಗೆ ಯಂತ್ರವೂ ಇಲ್ಲ, ಪ್ರತ್ಯೇಕ ಕರ್ನಲ್ಲೂ ಇಲ್ಲ. ಅದು ಒಂದೇ ಕರ್ನಲ್ ಅಡಿಯಲ್ಲಿ ಓಡುವ ಸಾಮಾನ್ಯ ಪ್ರೋಗ್ರಾಂ. ಅದರ ಸುತ್ತ ಕರ್ನಲ್ ಕೆಲವು ಪರದೆಗಳನ್ನು ಇಳಿಬಿಟ್ಟಿರುತ್ತದೆ, ಅಷ್ಟೆ. ಇದನ್ನು ಕಣ್ಣಾರೆ ನೋಡಬಹುದು. ಕಂಟೇನರ್‌ನೊಳಗೆ ಹೋಗಿ ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ಕೇಳಿದರೆ, ಅಲ್ಲಿ ಡೇಟಾಬೇಸ್ ಒಂದೇ ಇದ್ದು ಅದರ ಸಂಖ್ಯೆ 1 ಎಂದು ತೋರಿಸುತ್ತದೆ. ಇಡೀ ಯಂತ್ರವೇ ತನ್ನದು ಎಂಬಂತೆ. ಹೊರಗೆ ಬಂದು ಆತಿಥೇಯ ಯಂತ್ರದಲ್ಲಿ ಅದೇ ಪಟ್ಟಿ ಕೇಳಿದರೆ, ಅದೇ ಡೇಟಾಬೇಸ್ ಸಾವಿರಾರರ ಮೇಲಿನ ಯಾವುದೋ ಸಂಖ್ಯೆ ಹೊತ್ತು ನೂರಾರು ಪ್ರೋಗ್ರಾಂಗಳ ಸಾಲಿನಲ್ಲಿ ನಿಂತಿರುತ್ತದೆ.

ಈ ಪರದೆಗಳಲ್ಲಿ ಎರಡು ಬಗೆ. ಏನನ್ನು ನೋಡಬಹುದು ಎಂಬುದನ್ನು ನಿರ್ಧರಿಸುವವು ನೇಮ್‌ಸ್ಪೇಸ್‌ಗಳು. ಎಷ್ಟನ್ನು ಬಳಸಬಹುದು ಎಂಬುದನ್ನು ನಿರ್ಧರಿಸುವವು ಸಿಗ್ರೂಪ್‌ಗಳು. ಗೂಗಲ್‌ನ ಎಂಜಿನಿಯರ್‌ಗಳು 2006ರಲ್ಲಿ ಶುರು ಮಾಡಿದ ಸಿಗ್ರೂಪ್ ಕೆಲಸ 2008ರ ಆರಂಭದಲ್ಲಿ ಲಿನಕ್ಸ್ ಸೇರಿತು. 2013ರಲ್ಲಿ ಬಂದ ಡಾಕರ್ ಇವೆಲ್ಲವನ್ನೂ ಒಂದು ಆಜ್ಞೆಯಲ್ಲಿ ಸಿಗುವಂತೆ ಮಾಡಿದ್ದರಿಂದ ಕಂಟೇನರ್ ಎಂಬ ಮಾತು ಮನೆಮಾತಾಯಿತು. ಮರುವರ್ಷ ಗೂಗಲ್ ಪ್ರಕಟಿಸಿದ ಕುಬರ್ನೆಟಿಸ್, ಇಂಥ ಸಾವಿರಾರು ಕಂಟೇನರ್‌ಗಳನ್ನು ಹಲವು ಯಂತ್ರಗಳ ಮೇಲೆ ಹಂಚಿ, ಸತ್ತವುಗಳ ಜಾಗಕ್ಕೆ ಹೊಸದನ್ನು ನಿಲ್ಲಿಸುವ ಮೇಸ್ತ್ರಿಯ ಕೆಲಸ ಮಾಡುತ್ತದೆ.

ಲಾಭ ಸ್ಪಷ್ಟವಾಗಿದೆ. ಬೂಟ್ ಆಗಬೇಕಾದ ಆಪರೇಟಿಂಗ್ ಸಿಸ್ಟಂ ಇಲ್ಲದ ಕಾರಣ ಕಂಟೇನರ್ ಕ್ಷಣಾರ್ಧದಲ್ಲಿ ಎದ್ದು ನಿಲ್ಲುತ್ತದೆ, ಒಂದೊಂದು ಕರ್ನಲ್‌ಗೂ ಬೇರೆ ಮೆಮೊರಿ ತೆರಬೇಕಾಗಿಲ್ಲ, ಒಂದೇ ಯಂತ್ರದಲ್ಲಿ ಹೆಚ್ಚು ಪ್ರತಿಗಳು ಹಿಡಿಸುತ್ತವೆ. ಮನೆಗಳ ಬದಲು ಒಂದೇ ಕಟ್ಟಡದ ಕೋಣೆಗಳಾದವು. ತೊಟ್ಟಿ ಒಂದೇ, ತಂತಿಯೂ ಒಂದೇ.

ಜೊತೆಗೆ ಬೀಳುವವು ಯಾವುವು

ಮೂರು ಪ್ರತಿಗಳನ್ನು ಮೂರು ಕಂಟೇನರ್‌ಗಳಲ್ಲಿಟ್ಟು, ಮೂರನ್ನೂ ಒಂದೇ ಯಂತ್ರದಲ್ಲಿ ಓಡಿಸಿದೆವು ಎನ್ನಿ. ಒಂದು ಪ್ರತಿಯ ಪ್ರೋಗ್ರಾಂ ತನ್ನದೇ ದೋಷದಿಂದ ಕುಸಿದರೆ ಉಳಿದೆರಡು ನಡೆಸಿಕೊಂಡು ಹೋಗುತ್ತವೆ. ಒಂದು ಪ್ರತಿ ಮಿತಿ ಮೀರಿ ಮೆಮೊರಿ ಕಬಳಿಸಿದರೆ ಕರ್ನಲ್ ಅದೊಂದನ್ನೇ ಕೊಲ್ಲುತ್ತದೆ; ದಾಖಲೆಯಲ್ಲಿ 137 ಎಂಬ ಸಂಖ್ಯೆ ಉಳಿಯುತ್ತದೆ, ಈ ಕೆಲಸದಲ್ಲಿರುವವರು ನಿದ್ದೆಗಣ್ಣಿನಲ್ಲೂ ಗುರುತಿಸುವ ಸಂಖ್ಯೆಯದು. ಆದರೆ ಕರ್ನಲ್ಲೇ ಕುಸಿದರೆ, ಅಂದರೆ ಕರ್ನಲ್ ಪ್ಯಾನಿಕ್ ಆದರೆ, ಮೂರೂ ಪ್ರತಿಗಳು ಒಂದೇ ಕ್ಷಣದಲ್ಲಿ ಇಲ್ಲವಾಗುತ್ತವೆ. ಕರ್ನಲ್ಲಿಗೆ ಭದ್ರತಾ ತೇಪೆ ಹಾಕಿ ಯಂತ್ರವನ್ನು ರೀಬೂಟ್ ಮಾಡಿದರೂ ಅಷ್ಟೇ.

ಅದೇ ಮೂರು ಪ್ರತಿಗಳನ್ನು ಒಂದೇ ಯಂತ್ರದ ಮೂರು ವರ್ಚುವಲ್ ಮಷೀನ್‌ಗಳಲ್ಲಿ ಇಟ್ಟಿದ್ದರೆ ಕರ್ನಲ್ ಕುಸಿತ ಒಂದನ್ನು ಮಾತ್ರ ಬಲಿ ತೆಗೆದುಕೊಳ್ಳುತ್ತಿತ್ತು. ಈ ಒಂದು ಪದರದ ಮಟ್ಟಿಗೆ ವರ್ಚುವಲ್ ಮಷೀನ್ ನಿಸ್ಸಂಶಯವಾಗಿ ಮೇಲು. ಆದರೆ ಯಂತ್ರದ ವಿದ್ಯುತ್ ಘಟಕ ಸುಟ್ಟರೆ, ಹೈಪರ್‌ವೈಸರ್ ಕೆಟ್ಟರೆ, ಮೂವರಿಗೂ ಆಧಾರವಾದ ಸ್ಟೋರೇಜ್ ಕೈಕೊಟ್ಟರೆ ಇಲ್ಲಿಯೂ ಮೂರಕ್ಕೆ ಮೂರೂ ಹೋಗುತ್ತವೆ. ಪ್ರತಿಗಳನ್ನು ಮೂರು ಬೇರೆ ಯಂತ್ರಗಳಿಗೆ ಹಂಚಿದ ಮೇಲೆ, ಯಂತ್ರ ಕೆಡುವ ವಿಷಯದಲ್ಲಿ ಕಂಟೇನರಿಗೂ ವರ್ಚುವಲ್ ಮಷೀನಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯುವುದೇ ಇಲ್ಲ. ಹೀಗೆ ಒಂದೇ ಕಾರಣಕ್ಕೆ ಒಟ್ಟಿಗೆ ಬೀಳುವ ವಸ್ತುಗಳ ಗುಂಪನ್ನು ವೈಫಲ್ಯದ ವಲಯ ಎನ್ನಬಹುದು. ಕರ್ನಲ್ ಒಂದು ವಲಯ, ಯಂತ್ರ ಅದಕ್ಕಿಂತ ದೊಡ್ಡ ವಲಯ, ಹತ್ತಾರು ಯಂತ್ರಗಳನ್ನು ಹೊತ್ತ ರ‍್ಯಾಕ್ ಇನ್ನೂ ದೊಡ್ಡದು, ಕಟ್ಟಡ ಎಲ್ಲಕ್ಕಿಂತ ದೊಡ್ಡದು.

ಯಾವ ಗೋಡೆಯೂ ತಡೆಯಲಾಗದ ಒಂದು ವಲಯವೂ ಇದೆ: ಎಲ್ಲ ಪ್ರತಿಗಳಲ್ಲೂ ಒಂದೇ ತಂತ್ರಾಂಶ ಇರುವುದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶಕ್ಕೆ ಬಂದ ದೋಷಪೂರಿತ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ಅವುಗಳಲ್ಲಿ ವರ್ಚುವಲ್ ಮಷೀನ್‌ಗಳೂ ಇದ್ದವು. ಒಂದೊಂದಕ್ಕೂ ಸ್ವಂತ ಕರ್ನಲ್ ಇತ್ತು, ಒಂದೊಂದು ಕರ್ನಲ್ಲೂ ಒಂದೇ ಕಾರಣಕ್ಕೆ ಕುಸಿಯಿತು. ಹೊಸ ಆವೃತ್ತಿಯನ್ನು ಎಲ್ಲ ಪ್ರತಿಗಳಿಗೂ ಒಮ್ಮೆಲೇ ಹಾಕದೆ, ಒಂದಕ್ಕೆ ಹಾಕಿ, ಕಾದು, ಮುಂದಿನದಕ್ಕೆ ಹೋಗುವ ಪದ್ಧತಿ ಇರುವುದು ಈ ಕಾರಣಕ್ಕಾಗಿ.

ಸೆಕೆಂಡಿನೊಳಗಿನ ಕಥೆ

ಪ್ರತಿಗಳ ಗುಂಪಿನಲ್ಲಿ ಒಂದು ನಾಯಕನಾಗಿದ್ದು, ಉಳಿದವು ಅದು ಹೇಳಿದ್ದನ್ನು ಬರೆದುಕೊಳ್ಳುತ್ತವೆ. ನಾಯಕ ಬದುಕಿದೆ ಎಂಬುದು ಉಳಿದವಕ್ಕೆ ತಿಳಿಯುವುದು ಅದು ಆಗಾಗ ಕಳಿಸುವ ಪುಟ್ಟ ಸಂದೇಶದಿಂದ; ಇದನ್ನು ಹೃದಯಬಡಿತ ಎಂದೇ ಕರೆಯುತ್ತಾರೆ. ಕುಬರ್ನೆಟಿಸ್‌ನ ಎಲ್ಲ ನೆನಪನ್ನೂ ಹೊತ್ತಿರುವ, ರಾಫ್ಟ್ ವಿಧಾನದ ಎಟ್‌ಸಿಡಿ ಎಂಬ ಡೇಟಾಬೇಸನ್ನು ತೆಗೆದುಕೊಳ್ಳಿ. ಬದಲಿಸದೆ ಬಿಟ್ಟರೆ ಅದರಲ್ಲಿ ಹೃದಯಬಡಿತ 100 ಮಿಲಿಸೆಕೆಂಡಿಗೊಮ್ಮೆ. ಸುಮಾರು 1000 ಮಿಲಿಸೆಕೆಂಡು ಬಡಿತ ಕೇಳಿಸದಿದ್ದರೆ ಅನುಯಾಯಿಯೊಂದು ನಾಯಕ ಸತ್ತಿತೆಂದು ತೀರ್ಮಾನಿಸಿ, ಇದು ಎಷ್ಟನೇ ನಾಯಕತ್ವ ಎಂದು ತಿಳಿಸುವ ಅವಧಿಯ ಸಂಖ್ಯೆಯನ್ನು ಒಂದು ಏರಿಸಿ, ಮತ ಕೇಳಲು ಹೊರಡುತ್ತದೆ. ಬಹುಮತ ಸಿಕ್ಕರೆ ಅದೇ ಹೊಸ ನಾಯಕ. ಚುನಾವಣೆ ಮುಗಿಯುವ ತನಕ ಹೊಸದೇನನ್ನೂ ಬರೆಯಲಾಗುವುದಿಲ್ಲ.

ನಾಯಕ ನಿಜಕ್ಕೂ ಸತ್ತಿದ್ದರೆ ಇದು ಚೆನ್ನಾಗಿಯೇ ನಡೆಯುತ್ತದೆ. ಸಾಯದೆ, ಸ್ವಲ್ಪ ಹೊತ್ತು ಉಸಿರು ಹಿಡಿದು ನಿಂತಾಗ ತೊಂದರೆ. ಕಂಟೇನರೂ ವರ್ಚುವಲ್ ಮಷೀನೂ ಇಂಥ ನಿಲುಗಡೆಯನ್ನು ತಮ್ಮ ತಮ್ಮ ರೀತಿಯಲ್ಲಿ ಉಂಟುಮಾಡುತ್ತವೆ.

ಕಂಟೇನರ್‌ಗೆ ಅರ್ಧ ಪ್ರೊಸೆಸರಿನ ಮಿತಿ ಹಾಕಿದ್ದಾರೆ ಎನ್ನೋಣ. ಲಿನಕ್ಸ್ ಇದನ್ನು ಸಾಮಾನ್ಯವಾಗಿ ಪ್ರತಿ 100 ಮಿಲಿಸೆಕೆಂಡಿನಲ್ಲಿ 50 ಮಿಲಿಸೆಕೆಂಡು ಪ್ರೊಸೆಸರ್ ಸಮಯ ಎಂದು ಅರ್ಥ ಮಾಡಿಕೊಳ್ಳುತ್ತದೆ. ಪ್ರೋಗ್ರಾಂ ತನ್ನ ಕೆಲಸವನ್ನು ನಾಲ್ಕು ಎಳೆಗಳಾಗಿ (ಥ್ರೆಡ್) ಹಂಚಿ ನಾಲ್ಕು ಕೋರ್‌ಗಳ (ಇಲ್ಲಿ ಒಂದೊಂದು ಕೋರ್ ಒಂದೊಂದು ಪ್ರೊಸೆಸರಿನ ಲೆಕ್ಕ) ಮೇಲೆ ಒಟ್ಟಿಗೆ ಓಡಿದರೆ ಆ 50 ಮಿಲಿಸೆಕೆಂಡು ಪಡಿತರ ಹನ್ನೆರಡೂವರೆ ಮಿಲಿಸೆಕೆಂಡಿನಲ್ಲೇ ತೀರಿಹೋಗುತ್ತದೆ. ಉಳಿದ ಎಂಬತ್ತೇಳೂವರೆ ಮಿಲಿಸೆಕೆಂಡು ಕರ್ನಲ್ ಅದನ್ನು ಕಟ್ಟಿಹಾಕುತ್ತದೆ. ಯಂತ್ರದಲ್ಲಿ ಬೇರೆ ಕೋರ್‌ಗಳು ಖಾಲಿ ಕುಳಿತಿದ್ದರೂ ಬಿಡುವುದಿಲ್ಲ. ಒಂದು ಸುತ್ತು ಹೀಗಾದರೆ ಚಿಂತೆಯಿಲ್ಲ. ಆದರೆ ಒತ್ತಡ ಮುಂದುವರಿದು, ಮಾಡಬೇಕಾದ ಕೆಲಸ ಸುತ್ತಿನಿಂದ ಸುತ್ತಿಗೆ ಬಾಕಿ ಬೀಳುತ್ತ ಹೋಗಿ, ಅದರ ಜೊತೆಗೆ ಡಿಸ್ಕ್ ಕೂಡ ನಿಧಾನವಾದರೆ ಹೃದಯಬಡಿತ ತಡವಾಗಿ, ಚೆನ್ನಾಗಿಯೇ ಇದ್ದ ನಾಯಕನನ್ನು ಕೆಳಗಿಳಿಸುತ್ತಾರೆ. ಹೊಸ ನಾಯಕನಿಗೂ ಅದೇ ಮಿತಿ ಇರುತ್ತದೆ. ನಾಯಕತ್ವ ಕೈಯಿಂದ ಕೈಗೆ ಚೆಂಡಿನಂತೆ ಓಡಾಡುತ್ತಿರುವಾಗ, ಹೊರಗಿನಿಂದ ನೋಡುವವರಿಗೆ ಎಲ್ಲ ಪ್ರತಿಗಳೂ ಹಸಿರು ಬಣ್ಣದಲ್ಲಿ ಆರೋಗ್ಯವಾಗಿಯೇ ಕಾಣುತ್ತಿರುತ್ತವೆ.

ವರ್ಚುವಲ್ ಮಷೀನಿನ ನಿಲುಗಡೆ ಇನ್ನೊಂದು ಬಗೆಯದು. ಓಡುತ್ತಿರುವ ವರ್ಚುವಲ್ ಮಷೀನನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವ ಲೈವ್ ಮೈಗ್ರೇಶನ್ ಎಂಬ ಸೌಲಭ್ಯವಿದೆ. ಮೆಮೊರಿಯನ್ನು ಮೊದಲೇ ಸುತ್ತು ಸುತ್ತಾಗಿ ನಕಲು ಮಾಡುತ್ತ ಬಂದು, ಕೊನೆಯ ಒಂದಿಷ್ಟನ್ನು ನಕಲು ಮಾಡುವಾಗ ಮಾತ್ರ ಇಡೀ ಮಷೀನನ್ನು ನಿಲ್ಲಿಸುತ್ತಾರೆ. ಈ ನಿಲುಗಡೆ ಕೆಲವು ಸಂದರ್ಭಗಳಲ್ಲಿ 60 ಮಿಲಿಸೆಕೆಂಡಿನಷ್ಟು ಚಿಕ್ಕದಾಗಿರಬಲ್ಲದು ಎಂದು 2005ರ ಪ್ರಬಂಧವೊಂದು ತೋರಿಸಿತ್ತು. ಮೆಮೊರಿಗೆ ಬಿಡುವಿಲ್ಲದೆ ಬರೆಯುವ ಡೇಟಾಬೇಸ್‌ನಲ್ಲಿ ಅದು ಹೆಚ್ಚೇ ಆಗುತ್ತದೆ. ನಿಂತ ಹೊತ್ತು ಒಳಗಿದ್ದ ಪ್ರೋಗ್ರಾಂಗೆ ಅರಿವಿಗೇ ಬರುವುದಿಲ್ಲ. ಎದ್ದ ಕೂಡಲೇ ಅದು, ತನ್ನ ಬೆನ್ನ ಹಿಂದೆ ಚುನಾವಣೆ ನಡೆದುಹೋಗಿದ್ದರೂ, ತಾನೇ ನಾಯಕನೆಂದು ಆಜ್ಞೆ ಕೊಡತೊಡಗುತ್ತದೆ. ಇಲ್ಲಿ ಕಾಪಾಡುವುದು ಅವಧಿಯ ಸಂಖ್ಯೆ. ಏಳನೇ ಅವಧಿಯ ನಾಯಕ ಹೇಳಿದ್ದನ್ನು, ಎಂಟನೇ ಅವಧಿಗೆ ಬಂದಿರುವ ಸದಸ್ಯರು ಕೇಳುವುದಿಲ್ಲ. ಈ ಸಂಖ್ಯೆಯನ್ನು ನಂಬದೆ, "ನನ್ನ ಗಡಿಯಾರದ ಪ್ರಕಾರ ಅವಧಿ ಇನ್ನೂ ಮುಗಿದಿಲ್ಲ" ಎಂದು ಗಡಿಯಾರವನ್ನು ನಂಬುವ ತಂತ್ರಾಂಶಗಳು ಮಾತ್ರ ಇಂಥ ನಿಲುಗಡೆಯಲ್ಲಿ ಸಿಕ್ಕಿಬೀಳಬಹುದು.

ಮರೆವು ಎಂಬ ಅಪಾಯ

ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸೂಕ್ಷ್ಮವೆನಿಸುವುದು ಇದು. ಸತ್ತ ಗುಮಾಸ್ತನಿಗಿಂತ ಮರೆತ ಗುಮಾಸ್ತ ಅಪಾಯಕಾರಿ. ಒಂದು ಅವಧಿಯಲ್ಲಿ ಒಬ್ಬ ಸದಸ್ಯ ಒಂದೇ ಮತ ಹಾಕಬೇಕು, ಬರೆದುಕೊಂಡೆ ಎಂದು ಹೇಳಿದ ನಮೂದನ್ನು ಕಳೆಯಬಾರದು ಎಂಬ ಭರವಸೆಯ ಮೇಲೆ ಬಹುಮತದ ಗಣಿತ ನಿಂತಿದೆ. ಹಾಗಾಗಿ ರಾಫ್ಟ್‌ನಲ್ಲಿ ಮತವನ್ನೂ ನಮೂದನ್ನೂ ಡಿಸ್ಕಿಗೆ ಬರೆದ ನಂತರವೇ ಉತ್ತರ ಕೊಡಬೇಕು.

ಕಂಟೇನರ್‌ನ ಒಳಗೆ ಬರೆದದ್ದು, ಕಂಟೇನರನ್ನು ತೆಗೆದುಹಾಕಿದ ಕ್ಷಣ ಅಳಿಸಿಹೋಗುತ್ತದೆ. ಅದು ದೋಷವಲ್ಲ, ರಚನೆಯೇ ಹಾಗೆ. ಡೇಟಾಬೇಸ್‌ನ ಕಡತಗಳನ್ನು ಹೊರಗಿನ ವಾಲ್ಯೂಮ್ ಎಂಬ ಜಾಗದಲ್ಲಿ ಇಡಲು ಮರೆತು ಓಡಿಸಿದರೆ, ಹೊಸ ಕಂಟೇನರ್ ಹಳೆಯ ಹೆಸರಿನಲ್ಲೇ ಬರುತ್ತದೆ, ತಲೆ ಮಾತ್ರ ಖಾಲಿ. ಉಳಿದ ಸದಸ್ಯರು ಅದನ್ನು ಹಳೆಯ ಗೆಳೆಯನೆಂದೇ ನಂಬಿ ಮತ ಕೇಳುತ್ತಾರೆ. ಅದು ಒಮ್ಮೆ ಹಾಕಿದ್ದ ಮತವನ್ನು ಮತ್ತೆ ಹಾಕಬಹುದು, ಖಾಯಂ ಆಗಿದ್ದ ನಮೂದನ್ನು ಕಂಡೇ ಇಲ್ಲ ಎನ್ನಬಹುದು. ಇದಕ್ಕಾಗಿಯೇ ಕುಬರ್ನೆಟಿಸ್‌ನಲ್ಲಿ ಸ್ಟೇಟ್‌ಫುಲ್‌ಸೆಟ್ ಎಂಬ ಪ್ರತ್ಯೇಕ ಏರ್ಪಾಡಿದೆ. ಸೊನ್ನೆ, ಒಂದು, ಎರಡು ಎಂದು ಪ್ರತಿಗಳಿಗೆ ಖಾಯಂ ಹೆಸರು ಕೊಟ್ಟು, ಒಂದೊಂದು ಹೆಸರಿಗೂ ಅದರದ್ದೇ ವಾಲ್ಯೂಮನ್ನು ಗಂಟು ಹಾಕುತ್ತದೆ. (2016ರಲ್ಲಿ ಬಂದಾಗ ಇದರ ಹೆಸರು ಪೆಟ್‌ಸೆಟ್, ಹೆಸರಿಟ್ಟು ಸಾಕಬೇಕಾದ ಪ್ರಾಣಿಗಳಂತೆ ಎಂಬ ಅರ್ಥದಲ್ಲಿ. ಅದೇ ವರ್ಷ ಹೆಸರು ಬದಲಾಯಿತು.)

ವರ್ಚುವಲ್ ಮಷೀನಿಗೆ ಸ್ವಂತ ಡಿಸ್ಕ್ ಇರುವುದರಿಂದ ಇಂಥ ಮರೆವು ಬಾರದು ಎನಿಸುತ್ತದೆ. ಬರುತ್ತದೆ, ಬೇರೆ ಬಾಗಿಲಿನಿಂದ. ಮಷೀನಿನ ಇಡೀ ಸ್ಥಿತಿಯ ಸ್ನ್ಯಾಪ್‌ಶಾಟ್ ತೆಗೆದಿಟ್ಟು, ಏನೋ ಕೆಟ್ಟಾಗ ನಿನ್ನೆಯ ಸ್ಥಿತಿಗೆ ಮರಳಿಸುವ ಸೌಲಭ್ಯ ಒಂಟಿ ಯಂತ್ರಕ್ಕೆ ವರದಾನ. ಆದರೆ ಗುಂಪಿನ ಸದಸ್ಯನೊಬ್ಬನನ್ನು ಹೀಗೆ ನಿನ್ನೆಗೆ ಮರಳಿಸಿದರೆ, ಇವತ್ತು ಅವನು ಕೊಟ್ಟ ಭರವಸೆಗಳೆಲ್ಲ ಅವನ ತಲೆಯಿಂದ ಮಾಯ. ಸಂಸ್ಥೆಯೊಂದರ ಬಳಕೆದಾರರ ಮತ್ತು ಕಂಪ್ಯೂಟರ್‌ಗಳ ಪಟ್ಟಿಯನ್ನು ಹಲವು ಸರ್ವರ್‌ಗಳಲ್ಲಿ ಇಡುವ, ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿಯಲ್ಲಿ ಈ ತೊಂದರೆ ಎಷ್ಟು ಕಾಡಿತೆಂದರೆ, ವಿಂಡೋಸ್ ಸರ್ವರ್ 2012ರಲ್ಲಿ ಮಷೀನಿನ ತಲೆಮಾರು ಸೂಚಿಸುವ ಒಂದು ಗುರುತನ್ನೇ ಹೈಪರ್‌ವೈಸರ್ ಮೂಲಕ ಒಳಗೆ ತಲುಪಿಸುವ ವ್ಯವಸ್ಥೆ ಮಾಡಿದರು. ಆ ಗುರುತು ಬದಲಾಗಿದ್ದರೆ, ತನ್ನನ್ನು ಯಾರೋ ಕಾಲದಲ್ಲಿ ಹಿಂದಕ್ಕೆ ಒಯ್ದಿದ್ದಾರೆ ಎಂದು ಸರ್ವರ್ ತಿಳಿದುಕೊಳ್ಳುತ್ತದೆ.

ಎರಡಕ್ಕೂ ಪರಿಹಾರ ಒಂದೇ: ಮರೆತವನನ್ನು ಹಳೆಯ ಹೆಸರಿನಲ್ಲಿ ಒಳಗೆ ಬಿಡದೆ, ಸದಸ್ಯರ ಪಟ್ಟಿಯಿಂದ ತೆಗೆದು, ಹೊಸ ಸದಸ್ಯನಾಗಿ ಸೇರಿಸಿಕೊಂಡು, ಉಳಿದವರ ಪುಸ್ತಕದಿಂದ ಎಲ್ಲವನ್ನೂ ನಕಲು ಮಾಡಿಕೊಡುವುದು.

ಒಳಗಿನವನಿಗೆ ಗೊತ್ತಾಗದಂತೆ ಕಾಯುವುದು

ಇಲ್ಲಿಯವರೆಗೆ ಹೇಳಿದ್ದೆಲ್ಲ, ತಾನು ಗುಂಪಿನಲ್ಲೊಬ್ಬ ಎಂದು ಬಲ್ಲ ತಂತ್ರಾಂಶದ ಮಾತಾಯಿತು. ಹಾಗೆ ಬರೆಯದ ಹಳೆಯ ತಂತ್ರಾಂಶಗಳ ಗತಿಯೇನು? ವರ್ಚುವಲ್ ಮಷೀನ್ ಇಲ್ಲಿ ಕಂಟೇನರ್ ಸುಲಭವಾಗಿ ಮಾಡಲಾಗದ ಒಂದು ಕೆಲಸ ಮಾಡುತ್ತದೆ. ಇಡೀ ಮಷೀನಿನ ನೆರಳೊಂದನ್ನು ಇನ್ನೊಂದು ಯಂತ್ರದಲ್ಲಿ ಸದಾ ಸಿದ್ಧವಾಗಿ ಇಟ್ಟುಕೊಳ್ಳುವ ಈ ಕಲ್ಪನೆಯನ್ನು ಬ್ರೆಸೌಡ್ ಮತ್ತು ಷ್ನೈಡರ್ 1995ರಲ್ಲೇ ಮಂಡಿಸಿದ್ದರು. 2008ರ ರೀಮಸ್ ಎಂಬ ಸಂಶೋಧನೆಯಲ್ಲಿ ಮಷೀನಿನ ಬದಲಾದ ಮೆಮೊರಿಯನ್ನು ಸೆಕೆಂಡಿಗೆ 40 ಬಾರಿಯವರೆಗೆ ನೆರಳಿಗೆ ಕಳಿಸಲಾಗುತ್ತಿತ್ತು. 2009ರಲ್ಲಿ ವಿಎಂವೇರ್ ಇಂಥದ್ದೇ ಸೌಲಭ್ಯವನ್ನು ಬೇರೊಂದು ವಿಧಾನದಲ್ಲಿ ಮಾರುಕಟ್ಟೆಗೆ ತಂದಿತು. ಇಂಥ ವ್ಯವಸ್ಥೆಗಳಲ್ಲಿ ಒಂದು ಕಟ್ಟುನಿಟ್ಟು ಇದೆ: ಮೂಲ ಮಷೀನ್ ಹೊರಜಗತ್ತಿಗೆ ಕೊಡುವ ಉತ್ತರವನ್ನು, ಅದಕ್ಕೆ ಬೇಕಾದ ಮಾಹಿತಿ ನೆರಳಿಗೆ ತಲುಪಿದ್ದು ಖಚಿತವಾಗುವ ತನಕ ತಡೆಹಿಡಿಯಬೇಕು. ಇಲ್ಲದಿದ್ದರೆ, ಹೊರಗಿನವರಿಗೆ ಹೇಳಿಯಾದ ಮಾತು ನೆರಳಿಗೆ ಗೊತ್ತಿಲ್ಲದೇ ಹೋದೀತು. ವೇಗ ಕಡಿಮೆಯಾಗುವುದು ಈ ಕಾಯುವಿಕೆಯಿಂದ.

ಯಂತ್ರ ಕೆಟ್ಟರೆ ನೆರಳು ಕೈಗೆತ್ತಿಕೊಳ್ಳುತ್ತದೆ. ಪ್ರೋಗ್ರಾಂನಲ್ಲೇ ದೋಷವಿದ್ದು ಮೂಲ ಕುಸಿದರೆ, ನಿಷ್ಠಾವಂತ ನೆರಳೂ ಅದೇ ರೀತಿ ಕುಸಿಯುತ್ತದೆ.

ಕಂಟೇನರ್‌ಗಳ ಲೋಕ ಇದಕ್ಕೆ ವಿರುದ್ಧ ದಿಕ್ಕಿನದು. ಯಾವುದನ್ನೂ ಉಳಿಸಿಕೊಳ್ಳಲು ಹೆಣಗದೆ, ಸತ್ತದ್ದನ್ನು ಬಿಟ್ಟು ಹೊಸದನ್ನು ಎಬ್ಬಿಸುವುದು ಅಲ್ಲಿನ ರೀತಿ. ಹಾಗಾಗಿ ಕಾಯುವ ಹೊಣೆ ತಂತ್ರಾಂಶದ ಮೇಲೆಯೇ ಬೀಳುತ್ತದೆ. ಹೊಸದು ಸೆಕೆಂಡಿನಲ್ಲಿ ಏಳುತ್ತದೆ ಎಂಬ ಮಾತೂ ಪ್ರೋಗ್ರಾಂ ಸತ್ತಾಗ ಮಾತ್ರ ನಿಜ. ಯಂತ್ರವೇ ಸದ್ದಿಲ್ಲದೆ ಹೋದರೆ ಕುಬರ್ನೆಟಿಸ್ ಅದನ್ನು ಗಮನಿಸಲು 40ರಿಂದ 50 ಸೆಕೆಂಡು, ಅಲ್ಲಿದ್ದ ಕಂಟೇನರ್‌ಗಳನ್ನು ತೆರವು ಮಾಡುವ ಮುನ್ನ ಇನ್ನೂ 300 ಸೆಕೆಂಡು ಕಾಯುತ್ತದೆ. ಸ್ಟೇಟ್‌ಫುಲ್‌ಸೆಟ್‌ನ ಪ್ರತಿಯಾದರೆ ಅಷ್ಟಾದ ಮೇಲೂ ಹೊಸದನ್ನು ಎಬ್ಬಿಸುವುದಿಲ್ಲ. ಹಳೆಯದು ನಿಜಕ್ಕೂ ಸತ್ತಿದೆ ಎಂದು ಖಚಿತವಾಗದೆ ಅದೇ ಹೆಸರಿನ ಇನ್ನೊಂದನ್ನು ಎಬ್ಬಿಸಿದರೆ ಒಂದು ಹೆಸರಿಗೆ ಇಬ್ಬರಾಗುವ ಭಯ ಅದಕ್ಕೆ. ಇದು ಸೋಮಾರಿತನದಂತೆ ಕಂಡರೂ ಬೇಕೆಂದೇ ಇಟ್ಟ ಎಚ್ಚರ. ಅಷ್ಟು ಹೊತ್ತು ಸೇವೆಯನ್ನು ನಡೆಸುವವರು ಉಳಿದ ಎರಡು ಪ್ರತಿಗಳು.

ಒಂದರೊಳಗೆ ಇನ್ನೊಂದು

ಕ್ಲೌಡ್ ಬಳಸುವವರಲ್ಲಿ ಹೆಚ್ಚಿನವರು ಈಗ ಎರಡನ್ನೂ ಬಳಸುತ್ತಾರೆ: ಬಾಡಿಗೆಗೆ ಪಡೆದ ವರ್ಚುವಲ್ ಮಷೀನ್‌ಗಳು, ಅವುಗಳೊಳಗೆ ಕಂಟೇನರ್‌ಗಳು. ಒಬ್ಬೊಬ್ಬ ಗ್ರಾಹಕನ ಕರ್ನಲ್ ಬೇರೆಯಾಗಿರುವುದರಿಂದ ಭದ್ರತೆ ಸಿಗುತ್ತದೆ, ಒಳಗೆ ಕಂಟೇನರ್‌ನ ಚುರುಕೂ ಸಿಗುತ್ತದೆ. ಕಂಟೇನರ್‌ನಂತೆ ಕಂಡರೂ ಒಂದೊಂದಕ್ಕೂ ಪುಟ್ಟ ವರ್ಚುವಲ್ ಮಷೀನ್ ಕೊಡುವ ಕಾಟಾ 2017ರಲ್ಲಿ ಬಂತು. ಅಮೆಜಾನ್ 2018ರಲ್ಲಿ ಬಿಡುಗಡೆ ಮಾಡಿದ ಫೈರ್‌ಕ್ರ್ಯಾಕರ್, 125 ಮಿಲಿಸೆಕೆಂಡಿನಷ್ಟು ಕಡಿಮೆ ಸಮಯದಲ್ಲಿ ಎದ್ದು, ಒಂದು ಮಷೀನಿಗೆ 5 ಎಂಬಿಗಿಂತ ಕಡಿಮೆ ಹೆಚ್ಚುವರಿ ಮೆಮೊರಿ ತೆಗೆದುಕೊಳ್ಳುವಂತೆ ರೂಪುಗೊಂಡಿತು. ವೇಗವೋ ಗೋಡೆಯೋ ಎಂಬ ಹಳೆಯ ಜಗಳ ಇಂಥವುಗಳಿಂದ ತಣ್ಣಗಾಗುತ್ತಿದೆ.

ಆದರೆ ಪದರಗಳು ಹೆಚ್ಚಿದಷ್ಟೂ ನೆಲ ಕಣ್ಣಿಗೆ ಕಾಣದಾಗುತ್ತದೆ. ಕಂಟೇನರ್‌ಗಳನ್ನು ಹಂಚುವ ಮೇಸ್ತ್ರಿ ಮೂರು ಪ್ರತಿಗಳನ್ನು ಮೂರು ಬೇರೆ ವರ್ಚುವಲ್ ಮಷೀನ್‌ಗಳಲ್ಲಿಟ್ಟು ತನ್ನ ಕೆಲಸ ಮುಗಿಯಿತೆನ್ನುತ್ತಾನೆ. ಆ ವರ್ಚುವಲ್ ಮಷೀನ್‌ಗಳನ್ನು ಯಂತ್ರಗಳ ಮೇಲೆ ಹಂಚುವ ಇನ್ನೊಬ್ಬ ಮೇಸ್ತ್ರಿಗೆ ಒಳಗೇನಿದೆ ಎಂದು ಗೊತ್ತಿಲ್ಲ. ಜಾಗ ಉಳಿಯಲೆಂದು ಮೂರನ್ನೂ ಒಂದೇ ಯಂತ್ರಕ್ಕೆ ತುಂಬಬಹುದು. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿ. ಇವರಿಬ್ಬರನ್ನು ಕೂಡಿಸಲು, ಯಾವ ವರ್ಚುವಲ್ ಮಷೀನ್ ಯಾವ ವಲಯದಲ್ಲಿದೆ ಎಂಬ ಚೀಟಿಯನ್ನು ಕೆಳಗಿನ ಪದರದಿಂದ ಮೇಲಿನ ಪದರಕ್ಕೆ ತಲುಪಿಸಬೇಕು. ವರ್ಚುವಲ್ ಮಷೀನ್‌ಗಳನ್ನು ದೂರ ದೂರ ಇಡಬೇಕೆಂದು ಕೆಳಗಿನವನಿಗೂ, ಪ್ರತಿಗಳನ್ನು ಬೇರೆ ಬೇರೆ ವಲಯಗಳಲ್ಲೇ ಇಡಬೇಕೆಂದು ಮೇಲಿನವನಿಗೂ ಕಡ್ಡಾಯವಾಗಿ ಹೇಳಬೇಕು. ಸಾಧ್ಯವಾದರೆ ದೂರ ಇಡು ಎಂದಷ್ಟೇ ಹೇಳಿದರೆ, ಜಾಗ ಕಡಿಮೆಯಾದ ದಿನ ಅವನು ಹತ್ತಿರವೇ ಇಡುತ್ತಾನೆ. ಎಲ್ಲವೂ ಕೆಡುವುದು ಸಾಮಾನ್ಯವಾಗಿ ಜಾಗ ಕಡಿಮೆಯಾದ ದಿನವೇ.

ಎರಡೇ ಜಾಗಗಳಿದ್ದಾಗ ಏನಾಗುತ್ತದೆ ಎಂಬುದನ್ನೂ ಒಮ್ಮೆ ಎಣಿಸಿ ನೋಡಬಹುದು. ಮೂರು ಪ್ರತಿಗಳನ್ನು ಎರಡು ಯಂತ್ರಗಳಿಗೆ ಹೇಗೆ ಹಂಚಿದರೂ ಒಂದು ಯಂತ್ರದಲ್ಲಿ ಎರಡು ಇರಲೇಬೇಕು. ಆ ಯಂತ್ರ ಬಿದ್ದರೆ ಉಳಿಯುವುದು ಒಂದು, ಬಹುಮತ ಹೋಯಿತು. ಐದು ಮಾಡಿದರೆ ಮೂರು ಮತ್ತು ಎರಡು, ಏಳು ಮಾಡಿದರೆ ನಾಲ್ಕು ಮತ್ತು ಮೂರು. ಎಷ್ಟು ಪ್ರತಿ ಸೇರಿಸಿದರೂ ಬಿದ್ದರೆ ಸೇವೆಯನ್ನೇ ನಿಲ್ಲಿಸಬಲ್ಲ ಒಂದು ಜಾಗ ಇದ್ದೇ ಇರುತ್ತದೆ. ಯಂತ್ರದ ಬದಲು ಕಟ್ಟಡ ಎಂದುಕೊಂಡರೂ, ಒಳಗಿರುವುದು ಕಂಟೇನರೇ ಆಗಲಿ ವರ್ಚುವಲ್ ಮಷೀನೇ ಆಗಲಿ, ಲೆಕ್ಕ ಬದಲಾಗುವುದಿಲ್ಲ. ಬೇಕಾದದ್ದು ಮೂರನೆಯ ಜಾಗ. ಅಲ್ಲಿ ಪೂರ್ತಿ ಲೆಕ್ಕದ ಪುಸ್ತಕ ಇಟ್ಟುಕೊಂಡ ದೊಡ್ಡ ಸರ್ವರೇ ಇರಬೇಕೆಂದಿಲ್ಲ. ದತ್ತಾಂಶ ಹೊರದೆ, ಚುನಾವಣೆ ಬಂದಾಗ ಮತ ಹಾಕುವುದಕ್ಕಷ್ಟೇ ಇರುವ ಸಾಕ್ಷಿ ಸದಸ್ಯನನ್ನು ಒಪ್ಪುವ ಡೇಟಾಬೇಸ್‌ಗಳಿವೆ, ಮತ್ತು ಆ ಸಾಕ್ಷಿಗೆ ಒಂದು ಪುಟ್ಟ ಯಂತ್ರ ಸಾಕಾಗುತ್ತದೆ.